ಹಬೆ ಆರುವವರೆಗೆ

ಸತ್ತವರು ಮೂರು ವರ್ಷ ಮಾತ್ರ, ಮಹಾಲಯ ಅಮಾವಾಸ್ಯೆಯ ದಿನ, ಮನೆಗೆ ಊಟಕ್ಕೆ ಬರುತ್ತಾರೆ. ಎಲೆಗೆ ಬಡಿಸಿದ ಅನ್ನದಲ್ಲಿ ಹಬೆಯಾಡುತ್ತಿರುವವರೆಗೆ ಕೂತಿರುತ್ತಾರೆ. ಆಮೇಲೆ ಇರುವುದಿಲ್ಲ.

ಶಿವನಂಜಯ್ಯನಿಗೆ ಇದು ಮೂರನೆಯ ವರ್ಷ. ಮಧ್ಯಾಹ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದವನು, ಗೋಡೆಯ ಮೇಲಿದ್ದ ತನ್ನ ಫೋಟೋದ ಹಾರವನ್ನು ನೇರ ಮಾಡಿ, ಎಲೆಯ ಮುಂದೆ ಕೂತ. ಹೆಂಡತಿ ದೇವೀರಮ್ಮ ಬಿಸಿ ಅನ್ನ ಬಡಿಸಿದವಳೇ ಅಡುಗೆಮನೆಗೆ ಓಡಿದಳು.

"ಬಾ, ಕೂತ್ಕೊ," ಎಂದು ಕರೆದ.

"ವಡೆ ಬಿಟ್ಟಿದೀನಿ. ನೀವು ಉಣ್ಣಿ."

"ವಡೆ ಬ್ಯಾಡ ಕಣೆ. ಹೋದ್ ವರ್ಷನೂ ಕಜ್ಜಾಯ ಅಂತ ಒಳಗೇ ಇದ್ದೆ."

"ವಡೆ ಇಲ್ದೆ ಕಳ್ಸುದ್ಲು ಅಂತ ನಿಮ್ಮಕ್ಕ ಊರೆಲ್ಲ ಹೇಳ್ಕೊಂಡ್ ಬತ್ತಾರೆ. ಇದೊಂದು ಬಾಣಲೆ ಅಷ್ಟೆ."

ಹೊರಗಿಂದ ಬಾಳೆಎಲೆ ಹರಿದ ಸದ್ದು ಕೇಳಿತು. ವಡೆ ಇನ್ನೂ ಕೆಂಪಗಾಗಲಿ ಎಂದು ದೇವೀರಮ್ಮ ಮತ್ತೊಮ್ಮೆ ಮಗುಚಿದಳು. ತೆಗೆದು ತಟ್ಟೆಗೆ ಹಾಕಿಕೊಂಡು, ಹೇಗೂ ಎಣ್ಣೆ ಕಾದಿದೆಯಲ್ಲ ಎಂದು ಇನ್ನು ನಾಲ್ಕು ಬಿಟ್ಟು, ಹೊರಗೆ ಬಂದಳು.

ಯಾರೂ ಇರಲಿಲ್ಲ.

ಅವನು ಎಲೆಯ ತುದಿಯನ್ನು ಹರಿದು ಪಕ್ಕದಲ್ಲಿ ಹಾಸಿ, ತನ್ನ ಅನ್ನದಲ್ಲಿ ಅರ್ಧವನ್ನು ಅವಳಿಗೆಂದು ಬಡಿಸಿಟ್ಟಿದ್ದ. ಹಂಚಿದ ಅನ್ನ ಬೇಗ ಆರುತ್ತದೆ. ಅದು ಅವನಿಗೂ ಗೊತ್ತಿತ್ತು. ಎರಡು ಪಾಲೂ ಮುಟ್ಟದೆ ಹಾಗೇ ಇದ್ದವು.

ದೇವೀರಮ್ಮ ಕುಕ್ಕರಿಸಿ ಅನ್ನದ ಮೇಲೆ ಅಂಗೈ ಇಟ್ಟು ನೋಡಿದಳು. ಅಷ್ಟರಲ್ಲಿ ಒಳಗಿಂದ ಸೀದ ವಾಸನೆ ಬಂತು. ಅವಳು ಎದ್ದು ವಡೆ ಮಗುಚಲು ಹೋದಳು.