ಶೋಜೋ

ಹುಬ್ಬಳ್ಳಿ ರೈಲ್ವೆ ಸ್ಟೇಶನ್ನಿನ ಎದುರಿಗಿರುವ , ಉಗುಳಿನಿಂದ ಪೂರ್ವಜರ ಊರು, ದನಿ ಹುಡುಕಿಕೊಡುವ ‘ವಂಶದನಿ’ ಅಂಗಡಿಯಲ್ಲಿ ಡೊರೊತಿ ಟೀಚರ್ ನಳಿಗೆಯೊಳಗೆ ಉಗುಳಿ ಕಾಯುತ್ತಿದ್ದರು. ಅವರ ಐರಿಷ್ ಮುತ್ತಜ್ಜ, ಎಂಜಿನ್ ಡ್ರೈವರ್ ಡೂಲನ್, ಹೆಂಡತಿ ಬಸಿರಾದೊಡನೆ ಹಡಗು ಹತ್ತಿ ಓಡಿಹೋದನೆಂದು ಮನೆಮಂದಿಯೆಲ್ಲ ಬೈದುಕೊಂಡೇ ಬಂದಿದ್ದರು.

“ಉಗುಳಿನ್ಯಾಗ ಐರ್ಲೆಂಡ್ ಸಿಕ್ತ್ರಿ ಟೀಚರ್! ಮುತ್ತಜ್ಜಾರ ದನಿನೂ ಐತಿ, ಕೇಳ್ರಿ,” ಎಂದು ಅಂಗಡಿಯ ನೀಲವ್ವ ಗುಂಡಿ ಒತ್ತಿದಳು.

ತೊಟ್ಟಿಲು ಕಿರುಗುಟ್ಟುವ ಸದ್ದಿನ ನಡುವೆ ಒರಟು ಗಂಡುದನಿಯೊಂದು ತನ್ನೂರಿನ ಜೋಗುಳ ಹಾಡಿತು: “ಶೋಹೋ, ಶೋಹೋ...”

ಆ ದನಿಯ ಪಕ್ಕದಲ್ಲೇ ಹೆಣ್ಣುದನಿಯೊಂದು ನಕ್ಕಿತು. “ಶೋಹೋ ಅಲ್ರೀ, ಜೋಜೋ!”

“ಶೋಜೋ... ಶೋಜೋ...” ಎಂದು ಗಂಡುದನಿ ಮತ್ತೆ ಹಾಡಿತು.

ಡೊರೊತಿಯ ಕಣ್ಣು ತುಂಬಿ ಬಂತು. ಅಪ್ಪ ತನ್ನನ್ನು ಮಲಗಿಸುತ್ತಿದ್ದುದೂ ಇದೇ ಪದದಿಂದ. ಅವನಿಗೆ ನಾಲಿಗೆ ಹೊರಳುವುದಿಲ್ಲವೆಂದು ಎಲ್ಲರೂ ನಗುತ್ತಿದ್ದರು.

“ಓಡಿಹೋದಾವ ತೊಟ್ಟಿಲ ತೂಗ್ತಾನೇನ ನೀಲವ್ವಾ? ನಿನ್ನ ಹೊಟ್ಟಿ ತಣ್ಣಗಿರ್ಲಿ, ಇನ್ನೊಮ್ಮೆ ಹಚ್ಚು.”