ದುಬೈ ಪೆಟ್ಟಿಗೆಯೊಳಗಿನ ತೇವ

ದುಬೈ ಪೆಟ್ಟಿಗೆ ಮತ್ತೆ ಕೆಟ್ಟಿದೆ ಎಂದು ಗುರುಲಿಂಗಯ್ಯನವರ ಮನೆಯಿಂದ ಮೂರನೆಯ ಸಲ ಕರೆ ಬಂದಾಗ, ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೇ ಕುಳಿತುಬಿಡೋಣ ಎನ್ನಿಸಿತು ಭೀಮಶ್ಯಾನಿಗೆ. ಎರಡು ಸಲ ರಿಪೇರಿ ಮಾಡಿ, ಎರಡು ಸಲವೂ ‘ಇನ್ನ ಚಿಂತಿ ಬ್ಯಾಡ್ರಿ’ ಎಂದು ಎದೆಯುಬ್ಬಿಸಿ ಬಂದವನು ಅವನು. ಈಗ ಯಾವ ಮುಖ ಹೊತ್ತುಕೊಂಡು ಹೋಗುವುದು?

ಶಹಾಬಾದದ ಸ್ಟೇಷನ್ ರಸ್ತೆಯಲ್ಲಿ ಅವನದು ರೇಡಿಯೊ ರಿಪೇರಿ ಅಂಗಡಿ. ಅಪ್ಪ ಫರ್ಸಿ ಖಣಿಯಲ್ಲಿ ಕಲ್ಲು ಒಡೆದೇ ಮುದುಕನಾದವನು. ಮಗ ಹೈದರಾಬಾದಿಗೆ ಹೋಗಿ, ಎರಡು ವರ್ಷ ಯಾರದೋ ಅಂಗಡಿಯ ನೆಲ ಗುಡಿಸಿ, ಕದ್ದು ನೋಡಿ ವಿದ್ಯೆ ಕಲಿತು ಬಂದಿದ್ದ. ಗುರುಲಿಂಗಯ್ಯನವರು ಶಾಲೆಯ ಕಮಿಟಿಗೆ ಅಧ್ಯಕ್ಷರು. ಆ ವರ್ಷ, ಎಂಬತ್ತೈದರಲ್ಲಿ, ದೊಡ್ಡ ತರಗತಿಯ ಮಕ್ಕಳಿಗೆ ರೇಡಿಯೊ ಕೆಲಸ ಕಲಿಸಲು ಒಬ್ಬ ಮಾಸ್ತರ ಬೇಕಾಗಿದ್ದ.

“ಮೊದಲ ನಮ್ಮನಿ ಪೆಟಿಗಿ ಚಲೋ ಮಾಡಿ ತೋರ್ಸು. ಮಾಸ್ತರಕೀಗಿ ನಿನ್ನ ಹೆಸರು ನಾನೇ ಹೇಳ್ತೀನಿ,” ಎಂದಿದ್ದರು ಅವರು. “ನಾವು ಬಸವಣ್ಣನ ಮಂದಿ. ನಮಗ ಕೈಯಾಗಿನ ಕೆಲಸ ಮುಖ್ಯ.”

ಅಂದಿನಿಂದ ಭೀಮಶ್ಯಾ ‘ಭೀಮಶ್ಯಾ ಮಾಸ್ತರ’ ಎಂದು ತನ್ನನ್ನು ತಾನೇ ಮನಸ್ಸಿನಲ್ಲಿ ಎಷ್ಟು ಸಲ ಕರೆದುಕೊಂಡಿದ್ದನೋ ಲೆಕ್ಕವಿಲ್ಲ. ಹೆಂಡತಿಗೂ ಹೇಳಿಬಿಟ್ಟಿದ್ದ. ಅದೇ ಎಡವಟ್ಟಾಗಿದ್ದು.

ಪೆಟ್ಟಿಗೆ ಎಂದರೆ ಮೈಕ್ರೋವೇವ್ ಒಲೆ. ಗುರುಲಿಂಗಯ್ಯನವರ ಅಳಿಯ ದುಬೈಯಿಂದ ಹೊತ್ತು ತಂದದ್ದು, ಊರಿಗೆಲ್ಲ ಒಂದೇ. ಅದರ ಒಳಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯ ಹಿಂದೆ ಹಬೆಯನ್ನು ಗುರುತಿಸುವ ಪುಟ್ಟ ಸೆನ್ಸರ್. ಅನ್ನ ಬೆಂದು ಹಬೆ ಎದ್ದರೆ ಅದಕ್ಕೆ ಗೊತ್ತಾಗಿ ಒಲೆ ತಾನಾಗಿಯೇ ನಿಲ್ಲಬೇಕು. ಇದು ಅಕ್ಕಿ ಇಟ್ಟ ಅರ್ಧ ನಿಮಿಷಕ್ಕೇ ನಿಲ್ಲುತ್ತಿತ್ತು.

ಮೊದಲ ಸಲ ಹಾಲು ಉಕ್ಕಿ ಸೆನ್ಸರಿಗೆ ಮೆತ್ತಿತ್ತು. ಒರೆಸಿದ, ಸರಿಹೋಯಿತು. ಎರಡನೆಯ ಸಲ ಹಾಲೂ ಇಲ್ಲ, ಜಿಡ್ಡೂ ಇಲ್ಲ, ಬರೀ ತೇವ. ಒಣಗಿಸಿದ, ಸರಿಹೋಯಿತು. ಎರಡು ಸಲವೂ ಅವರ ಕಣ್ಣೆದುರೇ ಬಟ್ಟಲು ನೀರು ಕಾಯಿಸಿ ತೋರಿಸಿದ್ದ. ಎರಡು ಸಲವೂ ಅವನು ಹೋದ ಮರುದಿನವೇ ಕೆಟ್ಟಿತು.

ಭೀಮಶ್ಯಾ ಹೋಗುವಷ್ಟರಲ್ಲಿ, ಎಂದಿನಂತೆ ಪೆಟ್ಟಿಗೆಯನ್ನು ಮನೆಯ ಹೊರಗಿನ ಕಟ್ಟೆಗೆ ತಂದಿಟ್ಟು, ಒಳಗಿನಿಂದ ಉದ್ದನೆಯ ವೈರು ಎಳೆದಿದ್ದರು. ಒಳಗೆ ಬೆಳಕು ಕಡಿಮೆಯಂತೆ. ಗುರುಲಿಂಗಯ್ಯನವರು ಕುರ್ಚಿ ಹಾಕಿಕೊಂಡು ಕುಳಿತರು. ಅವರ ಕಣ್ಣು ಭೀಮಶ್ಯಾನ ಬೆರಳುಗಳನ್ನು ಬಿಟ್ಟು ಕದಲಲಿಲ್ಲ. ದೊಡ್ಡವರು ಕೆಲಸದ ಮೇಲೆ ಇಷ್ಟು ಲಕ್ಷ್ಯ ಇಟ್ಟು ನೋಡುವಾಗ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ಸೆನ್ಸರ್ ಬಿಚ್ಚಿದ. ಅಂಗೈಗೆ ಒಂದು ಹನಿ ಬಿತ್ತು.

“ಅಮ್ಮಾರ, ಒಳಗ ನೀರು ಗೀರು ಏನರೆ ಬಿದ್ದಿತ್ತೇನ್ರಿ?”

ಗುರುಲಿಂಗಯ್ಯನವರ ಹೆಂಡತಿ ಶಿವಕಾಂತಮ್ಮ ಹೊಸ್ತಿಲ ಒಳಗಿನಿಂದಲೇ ಹೇಳಿದರು: “ನಮ್ಮನ್ಯಾಗ ಎಲ್ಲಾ ಸ್ವಚ್ಛ ಇರ್ತದಪಾ. ಅಡಿಗಿ ಸಾಮಾನು ಅಂದ್ರ ನಾ ಭಾಳ ಕಟ್ಟುನಿಟ್ಟು.”

ಭೀಮಶ್ಯಾನ ಕಿವಿ ಬಿಸಿಯಾಯಿತು. ತನ್ನ ಕೆಲಸದ ಹುಳುಕು ಮುಚ್ಚಿಕೊಳ್ಳಲು ಮನೆಯ ಹೆಣ್ಣುಮಗಳ ಮೇಲೆ ತಪ್ಪು ಹೊರಿಸಿದಂತಾಯಿತಲ್ಲ!

“ತಪ್ಪು ನಂದೇ ಅದರಿ. ಹಿಂದಿನ ಮುಚ್ಚಳ ನಾನೇ ಬರೋಬ್ಬರಿ ಕೂಡ್ಸಿಲ್ಲ ಕಾಣ್ತದ. ಹಬಿ ಒಳಗ ಹೊಂಟದ.”

“ಇರಲಿ ಬಿಡು,” ಎಂದರು ಗುರುಲಿಂಗಯ್ಯ. ಮಾಸ್ತರಕಿಯ ಮಾತು ಎತ್ತಲಿಲ್ಲ.

ಭೀಮಶ್ಯಾ ಸೆನ್ಸರನ್ನು ಬಿಸಿಲಿಗಿಟ್ಟು ಒಣಗಿಸಿದ. ಮೀಟರು ಹಚ್ಚಿ ನೋಡಿದ. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಹಾಗಾದರೆ ದೋಷ ತನ್ನದೇ. ಮುಚ್ಚಳದ ಸುತ್ತ ರಬ್ಬರು ಪಟ್ಟಿ ಅಂಟಿಸಿ, ತಿರುಪುಗಳನ್ನು ಬಿಗಿದು, ಬಟ್ಟಲು ನೀರು ಇಟ್ಟ. ಹಬೆ ಎದ್ದಿತು; ಒಲೆ ನಿಂತಿತು.

“ಈ ಸಲ ಎಲ್ಲೆಲ್ಲಿ ಕೈ ಹಾಕಿದಿ? ಒಂದೂ ಬಿಡಲಾರದ ತೋರ್ಸು,” ಎಂದರು ಗುರುಲಿಂಗಯ್ಯ.

ಇದು ಪರೀಕ್ಷೆಯೇ ಸೈ ಎಂದುಕೊಂಡ ಭೀಮಶ್ಯಾ. ಮಕ್ಕಳಿಗೆ ಪಾಠ ಹೇಳುವವನಂತೆ ತೋರಿಸುತ್ತ ಹೋದ: ಹಿಂದಿನ ಮುಚ್ಚಳ, ಬಾಗಿಲು, ಒಳಗೋಡೆ, ಕಿಂಡಿ. ಅವರು ಒಂದೊಂದಕ್ಕೂ ತಲೆಯಾಡಿಸಿದರು.

“ಐತವಾರ ಕಮಿಟಿ ಕೂಡ್ತದ. ಅಲ್ಲೀತನ ನಡೀತಂದ್ರ ನಿನ್ನ ಹೆಸರು ಹೇಳ್ತೀನಿ. ಇಲ್ಲಂದ್ರ ನಾ ಹ್ಯಾಂಗ ಹೇಳ್ಲಿ, ನೀನೇ ಹೇಳು?”

“ಮತ್ತ ಕೆಟ್ಟರ ನೀವು ಹೇಳೂದೇ ಬ್ಯಾಡ್ರಿ, ಅಪ್ಪಾರ. ನನಗ ಆ ಯೋಗ್ಯತಿ ಇಲ್ಲ ಅಂತ ನಾನೇ ಒಪ್ಪಕೊತೀನಿ.”

ಚೀಲ ಹೆಗಲಿಗೇರಿಸಿ ಹೊರಟ. ಓಣಿಯ ತಿರುವಿನಲ್ಲಿ ನೆನಪಾಯಿತು: ರಬ್ಬರಿನ ಅಂಟು ಪೂರ್ತಿ ಒಣಗುವವರೆಗೆ ಹಿಂದಿನ ಮುಚ್ಚಳ ಮುಟ್ಟಬಾರದು ಎಂದು ಹೇಳಲೇ ಇಲ್ಲ. ಈ ಸಲ ಸಣ್ಣ ತಪ್ಪೂ ಆಗಕೂಡದು. ಬಿರಬಿರನೆ ಹಿಂದಕ್ಕೆ ನಡೆದ. ಕಾಂಪೌಂಡಿನ ಹತ್ತಿರ ಬಂದವನು ಅಲ್ಲಿಯೇ ನಿಂತುಬಿಟ್ಟ.

ಕಟ್ಟೆಯ ಮೇಲೆ ಶಿವಕಾಂತಮ್ಮ ಪೆಟ್ಟಿಗೆಯ ಬಾಗಿಲು ತೆರೆದು ಕುಳಿತಿದ್ದರು. ಪಕ್ಕದಲ್ಲಿ ತುಂಬಿದ ಕೊಡ, ಕೈಯಲ್ಲಿ ತಂಬಿಗೆ. ಗುರುಲಿಂಗಯ್ಯನವರು ತುಸು ದೂರದಲ್ಲಿ ಬಗ್ಗಿ ನಿಂತು, ಭೀಮಶ್ಯಾ ತೋರಿಸಿದ್ದ ಕ್ರಮದಲ್ಲೇ, ಒಂದೊಂದೇ ಜಾಗಕ್ಕೆ ಬೆರಳು ಮಾಡುತ್ತಿದ್ದರು.

“ಆ ಕಿಂಡ್ಯಾಗ ಭಾಳ ಹೊತ್ತು ಬೆರಳ ಇಟ್ಟಿದ್ದ ಅವ. ಅಲ್ಲಿ ಎರಡು ತಂಬಿಗಿ ಹೆಚ್ಚಿಗಿ ಹಾಕು, ಮೈಲಿಗಿ ಹೋಗ್ಲಿ. ಆಮ್ಯಾಗ ಒಳಗ ಒಯ್ಯಮು.”