ಸಾರಿಯೆಮ್ ಒಪ್ಪಿಸಿದ ಲಾಭ

“ನಷ್ಟ ಆಯ್ತು ಅಂತ ಒಂದು ಮಾತು ಹೇಳಿಬಿಡಿ, ಬು. ನಾನು ಬರೋದನ್ನೇ ನಿಲ್ಲಿಸ್ತೀನಿ.”

ವಾಸ್ಕಿತೊ ಬೇಡಿಕೊಳ್ಳುವ ದನಿಯಲ್ಲಿ ಹೇಳಿದ. ಬಟ್ಟೆ ಹಿಂಡುತ್ತಿದ್ದ ಸಾರಿಯೆಮ್ ತಲೆಯೆತ್ತಲಿಲ್ಲ. ಅವನಿಗೆ ಅವಳು ‘ಬು’, ಅಂದರೆ ಅಮ್ಮ; ಅವಳಿಗೆ ಅವನು ‘ಪಾಕ್’, ಅಂದರೆ ಅಯ್ಯ.

“ನಷ್ಟ ಯಾಕಾಗುತ್ತೆ, ಪಾಕ್? ಈ ತಿಂಗಳೂ ಲಾಭಾನೇ.”

ಸುಳ್ಳು. ಸೆಮಾರಾಂಗ್ ಬಂದರಿನಿಂದ ಬರುವ ಸೋಯಾ ಕಾಳಿನ ಬೆಲೆ ಏರಿದ ಮೇಲೆ ಆ ಕಾಳು ಹುದುಗಿಸಿ ಮಾಡುವ ಟೆಂಪೆಯ ಅವಳ ವ್ಯಾಪಾರ ನೆಲಕಚ್ಚಿತ್ತು. ಕಾಳು ಬೇಯಿಸುವ ಹಂಡೆಯನ್ನೂ ಮಾರಿದ್ದಳು. ಬಾಳೆಲೆಯಲ್ಲಿ ಸುತ್ತಿದ ಟೆಂಪೆ ಜೋಡಿಸುತ್ತಿದ್ದ ಬಿದಿರಿನ ತಟ್ಟೆಗಳ ಮೇಲೆ ಈಗ ಕೋಳಿಗಳು ಮಲಗುತ್ತಿದ್ದವು. ಊರವರ ಬಟ್ಟೆ ಒಗೆದು ಒಗೆದು ಅವಳ ಬೆರಳ ಸಂದಿಗಳು ಒಡೆದಿದ್ದವು.

ಪೇಟೆಯ ಶರೀಯತ್ ಗ್ರಾಮೀಣ ಬ್ಯಾಂಕು ಅವಳಿಗೆ ಕೊಟ್ಟಿದ್ದು ಸಾಲವಲ್ಲ, ಬಂಡವಾಳ. ಬಡ್ಡಿ ಇಲ್ಲ. ಲಾಭ ಬಂದರೆ ಹತ್ತರಲ್ಲಿ ನಾಲ್ಕು ಪಾಲು ಬ್ಯಾಂಕಿಗೆ. ಅವಳ ತಪ್ಪಿಲ್ಲದೆ ನಷ್ಟವಾದರೆ ಅದು ಬ್ಯಾಂಕಿನದೇ. ಆ ಕರಾರನ್ನು ಅವಳಿಗೆ ಓದಿ ಹೇಳಿದವನು ಬ್ಯಾಂಕಿನ ಗುಮಾಸ್ತ ವಾಸ್ಕಿತೊ. ಗಂಡ ಸತ್ತ ವರ್ಷ ಯಾರೂ ಕೈಗೆ ಕಾಸು ಕೊಡದಿದ್ದಾಗ, ಅವಳ ಅರ್ಜಿ ಹಿಡಿದು ಮೂರು ಸಲ ಮ್ಯಾನೇಜರರ ಮುಂದೆ ನಿಂತವನೂ ಅವನೇ. ಆಗ ಮೋಟಾರ್ ಬೈಕಿನಲ್ಲಿ ಬರುತ್ತಿದ್ದ. ಈಗ ನಡೆದು ಬರುತ್ತಾನೆ. ಬ್ಯಾಂಕಿನ ಹಸಿರು ಅಂಗಿಯ ಕಾಲರು ಹರಿದಿತ್ತು.

“ನೀವು ಏನೂ ಕೊಡಬೇಕಾಗಿಲ್ಲ, ಬು. ಸುಳ್ಳು ಹೇಳಿದ್ರೆ ಪಾಪ.”

“ನನ್ನ ಪಾಪ ನನಗಿರಲಿ. ನೀವು ಮೊದಲು ಊಟ ಮಾಡಿ.”

ಅನ್ನ, ಮರಗೆಣಸಿನ ಸೊಪ್ಪು, ಮೆಣಸಿನಕಾಯಿ ಚಟ್ನಿ. ಅವನು ಒಂದಗುಳೂ ಬಿಡದೆ ತಿಂದ. ಅವಳು ಕಾಸಿನ ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ಐವತ್ತು ಸಾವಿರ ರೂಪಿಯಾ, ಬಟ್ಟೆ ಒಗೆದು ಉಳಿಸಿದ ಕೆಲವು ದಿನಗಳ ಕೂಲಿ, ಎಲ್ಲ ಸಣ್ಣ ನೋಟು. ಅವನ ಕೈ ಮುಂದೆ ಬಂತು, ಹಿಂದೆ ಸರಿಯಿತು, ಮತ್ತೆ ಮುಂದೆ ಬಂತು. ರಸೀದಿ ಬರೆದುಕೊಡುವಾಗ ಅವಳ ಮುಖ ನೋಡಲಿಲ್ಲ.

“ಇನ್ನೊಂದು ಸಲ ಯೋಚನೆ ಮಾಡಿ, ಬು.”

“ಮಾಡಿಯೇ ಕೊಟ್ಟಿದ್ದೀನಿ.”

ಅವನು ದಾರಿಯ ತಿರುವಿನಲ್ಲಿ ಮರೆಯಾಗುವುದನ್ನೇ ಕಾಯುತ್ತಿದ್ದ ಪಕ್ಕದ ಮನೆಯ ಲಸ್ಮಿ ಓಡಿಬಂದಳು.

“ಅಕ್ಕಾ, ನಿನಗೇನು ತಲೆ ಕೆಟ್ಟಿದೆಯಾ? ಆ ಬ್ಯಾಂಕ್ ಬಾಗಿಲು ಹಾಕಿ ಏಳು ತಿಂಗಳಾಯ್ತು! ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆ ಮನುಷ್ಯನಿಗೆ ಕೆಲಸಾನೇ ಇಲ್ಲ!”

“ಗೊತ್ತು ಕಣೇ,” ಎಂದಳು ಸಾರಿಯೆಮ್. “ದಾನ ಅಂದ್ರೆ ಅವರು ಮುಟ್ಟಲ್ಲ, ಲಾಭ ಅಂದ್ರೆ ತಗೋತಾರೆ. ಮುಂದಿನ ತಿಂಗಳಿಗೆ ಕೊಡೋಕೆ ಡಬ್ಬೀಲಿ ಕಾಸೂ ಇಲ್ಲ.”